ಬೆಟ್ಟಿಂಗ್‌ಗೆ ಪರವಾನಗಿ: ಆಟಗಾರನಿಗೆ ಕವಚವೋ, ಉರುಳೋ?

ಪರ: ಲೆಕ್ಕಕ್ಕೆ ಸಿಗದ ಹಣವೇ ಅಪಾಯ

ಬೆಟ್ಟಿಂಗ್‌ಗೆ ಸರ್ಕಾರ ಪರವಾನಗಿ ಕೊಟ್ಟರೆ ಆಟಗಾರನಿಗೆ ರಕ್ಷಣೆ ಸಿಗುತ್ತದೆಯೇ ಎಂಬುದು ಪ್ರಶ್ನೆ. ‘ಹೌದು’ ಎಂಬ ಬದಿ ಹಿಡಿದು ಬರೆಯಿರಿ ಎಂದದ್ದಕ್ಕೆ ಬರೆಯುತ್ತಿದ್ದೇನೆ. ಬಾಜಿ ಕಟ್ಟುವುದು ಒಳ್ಳೆಯ ಚಟ ಎನ್ನಲು ನನ್ನಿಂದಾಗದು. ಇಲ್ಲಿ ಕೇಳಿರುವುದು ಆಟಗಾರನ ವಿಷಯ.

2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ಆದರೆ ಕದ್ದು ಬಾಜಿ ನಡೆಸುವ ಬುಕ್ಕಿ ಕೊಡುವ ‘ಐಡಿ’ಗೆ (ಬಾಜಿ ಕಟ್ಟುವ ಖಾತೆಗೆ) ಪ್ಯಾನ್ ಕಾರ್ಡೂ ಬೇಡ, ರಸೀದಿಯೂ ಇಲ್ಲ. ಸೆಷನ್ (ಇಂತಿಷ್ಟು ಓವರಿಗೆ ಎಷ್ಟು ರನ್ ಎಂಬ ಬಾಜಿ) ಮೇಲೆ ಯಾರು ಎಷ್ಟು ಕಟ್ಟಿದರೆಂಬುದು ಅವನ ಚೀಟಿಗೆ ಮಾತ್ರ ಗೊತ್ತು. ಪರವಾನಗಿ ಇರುವಲ್ಲಿ ಹಾಗಲ್ಲ. 2024ರ ಮಾರ್ಚ್‌ನಲ್ಲಿ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್‌ನ ಆಟಗಾರ ಜಾಂಟೇ ಪೋರ್ಟರ್ ಹುಷಾರಿಲ್ಲವೆಂದು ಮೂರೇ ನಿಮಿಷ ಆಡಿ ಅಂಕಣ ಬಿಟ್ಟ. ಅವನು ಕಡಿಮೆ ಅಂಕ ಗಳಿಸುತ್ತಾನೆಂದು 80,000 ಡಾಲರ್ ಕಟ್ಟಿದವನಿಗೆ 11 ಲಕ್ಷ ಡಾಲರ್ ಬರಬೇಕಿತ್ತು. ಅಷ್ಟೇನೂ ಹೆಸರಿಲ್ಲದವನ ಮೇಲೆ ಇಷ್ಟು ದುಡ್ಡು ಬಿದ್ದದ್ದೇ ಅನುಮಾನಕ್ಕೆ ಕಾರಣವಾಯಿತು, ಪಾವತಿ ನಿಂತಿತು, ಪೋರ್ಟರ್‌ಗೆ ಆಜೀವ ನಿಷೇಧ ಬಿತ್ತು.

ಕಾನೂನಿನ ಮಾತಿಗೆ ಬಂದರೆ, 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಫಿಕ್ಸಿಂಗ್ ಪ್ರಕರಣದಲ್ಲಿ ಕೆಲವು ಆರೋಪಿಗಳ ಮೇಲಿನ ಕೇಸನ್ನು ನಮ್ಮ ಹೈಕೋರ್ಟ್ 2022ರ ಜನವರಿಯಲ್ಲಿ ರದ್ದುಮಾಡಿತು. ಫಿಕ್ಸಿಂಗ್ 420ರ ವಂಚನೆ ಆಗುವುದಿಲ್ಲ ಎಂಬುದು ಕಾರಣ. ಬೆಟ್ಟಿಂಗ್ ಕಾನೂನುಬದ್ಧವಾಗಿರುವ ಇಂಗ್ಲೆಂಡಿನಲ್ಲಿ 2010ರ ಲಾರ್ಡ್ಸ್ ಟೆಸ್ಟಿನಲ್ಲಿ ದುಡ್ಡಿಗಾಗಿ ಬೇಕೆಂದೇ ಹಾಕಿದ ನೋಬಾಲ್‌ಗಳಿಗಾಗಿ ಪಾಕಿಸ್ತಾನದ ಮೂವರು ಆಟಗಾರರು ಜೈಲು ಕಂಡರು. ಕ್ರಿಕೆಟ್ ಆಡಳಿತದ ಸುಧಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿಯೂ (2016) ಕಾನೂನು ಆಯೋಗವೂ (2018) ಬೆಟ್ಟಿಂಗ್‌ಗೆ ನಿಯಂತ್ರಣ ಇರಲಿ, ಫಿಕ್ಸಿಂಗ್ ಅಪರಾಧವಾಗಲಿ ಎಂದೇ ಹೇಳಿದವು. ತೆರಿಗೆ ಬರುತ್ತದೆ ಎಂಬ ವಾದವೂ ಉಂಟು. ಅದರಿಂದ ಆಟಗಾರನಿಗೇನು ಬಂತೆಂದು ನನಗೂ ಹೊಳೆದಿಲ್ಲ, ಬಿಟ್ಟಿದ್ದೇನೆ.

ವಿರೋಧ: ಅರಸೀಕೆರೆ ಕಬಡ್ಡಿ ಅಂಕಣದ ರೈಡರ್‌ನನ್ನು ಕಾಯುವವರಾರು?

ಪರವಾನಗಿ ಕೊಟ್ಟರೆ ಎಲ್ಲ ಬೆಳಕಿಗೆ ಬರುತ್ತದಂತೆ. ಸಾರಾಯಿ ಅಂಗಡಿ ಹರಾಜಾಗುತ್ತಿದ್ದ ಕಾಲದಲ್ಲಿ ಕಳ್ಳಬಟ್ಟಿ ನಿಂತಿತ್ತೇ?

ಹಾಸನ, ಚಿಕ್ಕಮಗಳೂರಿನ ಮೈದಾನಗಳಿಂದ ನೋಡಿ. ಹೊನಲು ಬೆಳಕಿನ ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್, ಊರಿಗೊಂದು ‘ಪ್ರೀಮಿಯರ್ ಲೀಗ್’, ಎಲ್ಲದಕ್ಕೂ ಯೂಟ್ಯೂಬ್ ಲೈವ್. ಬಾಜಿಗೆ ಬೇಕಾದದ್ದು ಇಷ್ಟೇ: ಕ್ಯಾಮೆರಾ ಮತ್ತು ಸ್ಕೋರು. 2022ರಲ್ಲಿ ಗುಜರಾತಿನ ಮೋಲಿಪುರದ ಹೊಲದಲ್ಲಿ ಕೂಲಿಗಳಿಗೆ ಪಂದ್ಯಕ್ಕೆ 400 ರೂ. ಕೊಟ್ಟು ಸುಳ್ಳು ‘ಐಪಿಎಲ್’ ಆಡಿಸಿದರು. ಬಾಜಿ ಕಟ್ಟಿದವರು ರಷ್ಯಾದಲ್ಲಿದ್ದರು.

ನೋಬಾಲ್ ಆದರೆ ಗೆರೆ ದಾಟಿದ ಕಾಲು ವಿಡಿಯೊದಲ್ಲಿ ಉಳಿಯುತ್ತದೆ. ಕಬಡ್ಡಿಯಲ್ಲಿ ಏನು ಉಳಿಯುತ್ತದೆ? ರೈಡಿಗೆ 30 ಸೆಕೆಂಡ್. ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) ದಾಟಿ, ಯಾರನ್ನೂ ಮುಟ್ಟದೆ ವಾಪಸಾದರೆ ಖಾಲಿ ರೈಡ್. ಸತತ ಎರಡು ಖಾಲಿ ರೈಡ್ ಹಾಕಿ ಮೂರನೆಯದರಲ್ಲಿ ‘ಡು ಆರ್ ಡೈ’ಗೆ (ಅಂಕ ತರಬೇಕು, ಇಲ್ಲವೇ ಔಟ್) ಇಳಿಯುವುದು ದಿನನಿತ್ಯದ ತಂತ್ರ. ‘ಮೊದಲರ್ಧದಲ್ಲಿ ಈ ರೈಡರ್‌ಗೆ 5 ಅಂಕ ಬರುತ್ತದೋ ಇಲ್ಲವೋ’ ಎಂಬ ಬಾಜಿಗೆ ಪರವಾನಗಿ ಸಿಕ್ಕಿತೆಂದುಕೊಳ್ಳಿ. ಹುಡುಗ ಬೇಕೆಂದೇ ಖಾಲಿ ಬಂದನೋ, ಕೋಚ್ ಹೇಳಿ ಬಂದನೋ, ಯಾವ ಕಂಪ್ಯೂಟರ್ ಹೇಳುತ್ತದೆ?

ಅವನನ್ನು ಬಲೆಗೆ ಕೆಡವುವ ಕ್ರಮವೂ ಸರಳ. ಮೊದಲು ಒಂದು ಜೊತೆ ಶೂ, ಅಭಿಮಾನಿ ಕೊಟ್ಟದ್ದು. ಆಮೇಲೆ ಫೋನು: ‘ಯಾರಿಗೆ ಕಾಲು ನೋವು? ಪಿಚ್ ಹೇಗಿದೆ?’ ಹೇಳಿದರೆ ಯುಪಿಐಗೆ ಎರಡು ಸಾವಿರ ಬೀಳುತ್ತದೆ. ಕೊನೆಗೆ ‘ಒಂದೇ ಒಂದು ನೋಬಾಲ್, ತಂಡ ಸೋಲಲ್ಲ.’ ಆಗಲ್ಲ ಎಂದರೆ ಆ ಎರಡು ಸಾವಿರದ ಸ್ಕ್ರೀನ್‌ಶಾಟ್ ಹೊರಬರುತ್ತದೆ. ಮ್ಯಾಚ್ ಫೀಸು ಮೂರು ತಿಂಗಳಾದರೂ ಬಾರದ ಹುಡುಗನೇ ಮೊದಲು ಬೀಳುವುದು. ಬುಕ್ಕಿ ಕರೆದದ್ದನ್ನು ವರದಿ ಮಾಡಲಿಲ್ಲವೆಂದು 2019ರಲ್ಲಿ ಬಾಂಗ್ಲಾದೇಶದ ಕ್ರಿಕೆಟಿಗ ಶಕೀಬ್ ಅಲ್ ಹಸನ್‌ಗೆ 2 ವರ್ಷ ನಿಷೇಧ ಬಿತ್ತು, ಅದರಲ್ಲಿ 1 ವರ್ಷ ಅಮಾನತಿನಲ್ಲಿ. ಅವನಿಗೆ ವರದಿ ಮಾಡಲು ಒಬ್ಬ ಅಧಿಕಾರಿಯಾದರೂ ಇದ್ದ. ಮೂಡಿಗೆರೆಯ ಟೆನಿಸ್ ಬಾಲ್ ಹುಡುಗ ಯಾರಿಗೆ ಹೇಳಬೇಕು? ಆಯೋಜಕರಿಗೋ? ಕೆಲವೊಮ್ಮೆ ಬಹುಮಾನದ ಹಣವೇ ಎಲ್ಲಿಂದ ಬಂತೆಂದು ಕೇಳುವಂತಿರುವುದಿಲ್ಲ.

ಬೈಗುಳದ ಕಥೆ ಬೇರೆ. 2024ರಲ್ಲಿ 458 ಟೆನಿಸ್ ಆಟಗಾರರಿಗೆ ಸುಮಾರು 8,000 ನಿಂದನೆಯ ಸಂದೇಶಗಳು ಬಂದವು, ಶೇ 40ರಷ್ಟು ಬಾಜಿ ಸೋತು ಸಿಟ್ಟಾದವರಿಂದ. 2025ರಲ್ಲಿ ಅಮೆರಿಕದ ಒಲಿಂಪಿಕ್ ಓಟಗಾರ್ತಿ ಗ್ಯಾಬಿ ಥಾಮಸ್‌ರನ್ನು ಟ್ರ್ಯಾಕಿನ ಸುತ್ತ ಹಿಂಬಾಲಿಸಿ ಬೈದವನು, ಅದರಿಂದ ಬಾಜಿ ಗೆದ್ದೆನೆಂದು ಕೊಚ್ಚಿಕೊಂಡ. ಕಾನೂನುಬದ್ಧ ಬಾಜಿ! ಬಾಜಿ ಕಂಪನಿ ಅವನನ್ನು ಹೊರಗಿಟ್ಟಿತು, ಬೈದಾದ ಮೇಲೆ. ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿಯವರ ಕಡೂರಿನಿಂದ ಇನ್ನೊಬ್ಬ ಹುಡುಗಿ ಬಂದರೆ, ಸೊನ್ನೆಗೆ ಔಟಾದ ರಾತ್ರಿ ಅವಳ ಇನ್‌ಸ್ಟಾಗ್ರಾಮ್ ತೆರೆಯುವಂತಿರಬೇಡವೇ?

ಫಿಕ್ಸಿಂಗ್‌ಗೆ ಶಿಕ್ಷೆ ಬೇಕು, ಸರಿ. ಶ್ರೀಲಂಕಾ 2019ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿತು, 10 ವರ್ಷದವರೆಗೆ ಜೈಲು. ಅದಕ್ಕೆ ಬಾಜಿ ಅಂಗಡಿ ತೆರೆಯಬೇಕಿಲ್ಲ. ಅಲ್ಲಿಯವರೆಗೆ ಜಿಲ್ಲೆಯ ಆಯೋಜಕರು ಮಾಡಬಹುದಾದ ಕೆಲಸವಿದೆ. ಟಾಸಿಗೆ ಅರ್ಧ ಗಂಟೆ ಮುಂಚೆ ಎರಡೂ ತಂಡದ ಫೋನುಗಳನ್ನು ನಂಬರ್ ಹಾಕಿದ ಕವರಿನಲ್ಲಿ ಇಟ್ಟುಕೊಂಡು, ಪಂದ್ಯ ಮುಗಿದ ಮೇಲೆ ಕೊಡಿ. ಹನ್ನೊಂದರ ಪಟ್ಟಿ ಟಾಸಿಗೆ ಮೊದಲು ವಾಟ್ಸಾಪ್‌ಗೆ ಹೋಗಬಾರದು. ಯೂಟ್ಯೂಬ್ ಲೈವ್ ಮೈದಾನದ ಆಟಕ್ಕಿಂತ ಕೆಲವು ಸೆಕೆಂಡ್ ತಡ. ಬೌಂಡರಿ ಹತ್ತಿರ ನಿಂತು ಬಾಲ್ ಬಾಲ್‌ಗೂ ಫೋನಿನಲ್ಲಿ ಹೇಳುವವನು ಆ ಸೆಕೆಂಡುಗಳನ್ನೇ ಮಾರುತ್ತಾನೆ, ಅವನನ್ನು ಎಬ್ಬಿಸಿ. ದೈಹಿಕ ಶಿಕ್ಷಕರೊಬ್ಬರ ಬಳಿ ಒಂದು ಪುಸ್ತಕವಿರಲಿ: ಕರೆ ಬಂದ ತಾರೀಕು, ಸಮಯ, ನಂಬರು, ಆಟಗಾರನ ಸಹಿ. ಮ್ಯಾಚ್ ಫೀಸು ಅದೇ ಸಂಜೆ ಖಾತೆಗೆ.