ಕಣ್ಣು ಮಂಜಾದರೆ ಆಯಸ್ಸು ಮುಗಿಯಿತಾ?

ಅಮ್ಮನಿಗೆ ಮ್ಯಾಕುಲಾ, ಅಂದರೆ ಕಣ್ಣಿನ ಹಿಂಬದಿಯ ಪರದೆಯ ನಡುಭಾಗ, ಸವೆಯುವ ಕಾಯಿಲೆ ಅಂತ ಗೊತ್ತಾದಾಗಿನಿಂದ ನೆಂಟರ ಬಾಯಿಗೆ ತಡೆಯೇ ಇಲ್ಲ. 'ಕಣ್ಣು ಹೋಯ್ತು ಅಂದ್ರೆ ಇನ್ನು ಜಾಸ್ತಿ ದಿನ ಇರಲ್ಲ ಕಣೇ' ಅಂತ ಸೋದರತ್ತೆ ಅಮ್ಮನ ಎದುರಿಗೇ ನನಗೆ ಹೇಳಿದರು. ಮಂಜಾಗಿರುವುದು ಅಮ್ಮನ ಕಣ್ಣು. ಕಿವಿ ಚೆನ್ನಾಗೇ ಇದೆ! ಅವತ್ತಿನಿಂದ ಅಮ್ಮನಿಗೆ ಊಟವೂ ಸೇರುತ್ತಿಲ್ಲ.

ಈ ಕಾಯಿಲೆ ತಾನಾಗಿ ಯಾರ ಜೀವವನ್ನೂ ತೆಗೆಯುವುದಿಲ್ಲ. ಆ ಪರದೆಯ, ಅಂದರೆ ರೆಟಿನಾದ, ನಡುಭಾಗ ಕೆಡುತ್ತದೆ. ಎದುರಿಗಿರುವವರ ಮುಖ, ಪೇಪರಿನ ಅಕ್ಷರ ಕಾಣುವುದಿಲ್ಲ. ಅಕ್ಕಪಕ್ಕದ ನೋಟ ಸಾಮಾನ್ಯವಾಗಿ ಉಳಿದಿರುತ್ತದೆ. ದೃಷ್ಟಿ ಕಳೆದುಕೊಂಡ ವಯಸ್ಸಾದವರು ಉಳಿದವರಿಗಿಂತ ಬೇಗ ಸಾಯುವುದು ಹೆಚ್ಚು ಅಂತ ಅಧ್ಯಯನಗಳು ಹೇಳುವುದು ನಿಜ. ಆದರೆ ಯಾಕೆ ಅಂತ ಯಾರಾದರೂ ಕೇಳಿದಿರಾ? ವಯಸ್ಸು, ಬೀಡಿ, ಸಿಗರೇಟು ಕಣ್ಣನ್ನು ಕೆಡಿಸುವ ಹಾಗೇ ಹೃದಯವನ್ನೂ ಕೆಡಿಸುತ್ತವೆ. ಅದು ಬಿಟ್ಟರೆ, ಕಾಣದವರು ಜಾಸ್ತಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುತ್ತದೆ, ಹಾಸಿಗೆ ಹಿಡಿಯುತ್ತಾರೆ, ನ್ಯುಮೋನಿಯಾ ಬರುತ್ತದೆ. ಓದಲಾಗದೆ, ಯಾರ ಮುಖವೂ ಕಾಣದೆ ಮನಸ್ಸು ಕುಗ್ಗುತ್ತದೆ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ, ಚಿಕಿತ್ಸೆ ಸಿಗದೆ ದೃಷ್ಟಿ ಹೋಗುವುದನ್ನೂ ಡಿಮೆನ್ಷಿಯಾ (ಮರೆವಿನ ಕಾಯಿಲೆ) ತರಬಲ್ಲ ಕಾರಣಗಳ ಪಟ್ಟಿಗೆ ಸೇರಿಸಿತು. ಇದರಲ್ಲಿ ಎಷ್ಟೋ ವಿಷಯ ಮನೆಯವರ ಕೈಯಲ್ಲೇ ಇದೆ, ಅಲ್ವಾ?

ಚಿಕ್ಕಪ್ಪನದು ಇನ್ನೊಂದು ರಾಗ. 'ಈ ವಯಸ್ಸಲ್ಲಿ ಕಣ್ಣಿಗೆ ಇಂಜೆಕ್ಷನ್ ಯಾಕೆ? ಸುಮ್ನೆ ದುಡ್ಡು ದಂಡ. ಕ್ಯಾರೆಟ್ ಜ್ಯೂಸ್ ಕೊಡು.' ಅಮ್ಮನದು ಈ ಕಾಯಿಲೆಯ ವೆಟ್ (ಒದ್ದೆ) ಬಗೆ. ರೆಟಿನಾದ ಅಡಿಯಲ್ಲಿ ಕೆಟ್ಟ ರಕ್ತನಾಳ ಬೆಳೆದು ಸೋರುತ್ತದೆ. ಇಂಜೆಕ್ಷನ್ ಆ ಸೋರಿಕೆಯನ್ನು ತಡೆಯುತ್ತದೆ. ತಡ ಮಾಡಿದರೆ ಕಲೆ ಕಟ್ಟುತ್ತದೆ, ಹೋದ ನೋಟ ವಾಪಸ್ ಬರುವುದಿಲ್ಲ. ಕ್ಯಾರೆಟ್‌ಗೆ ಅದೇನು ಗೊತ್ತು! ದುಬಾರಿ ಔಷಧಿ ಬೇಡವಾದರೆ, ಕ್ಯಾನ್ಸರಿಗೆ ಅಂತ ಬಂದ ಬೆವಾಸಿಜುಮಾಬ್ ಅನ್ನು ಕಣ್ಣಿನ ಡಾಕ್ಟರುಗಳು ಎಷ್ಟೋ ಕಡಿಮೆ ಬೆಲೆಗೆ ಹಾಕುತ್ತಾರೆ. ಮೊಮ್ಮಗಳ ನಾಮಕರಣದ ಹಾಲ್ ಬಾಡಿಗೆಗೆ ಸುರಿದ ದುಡ್ಡಿನ ಮುಂದೆ ಇದು ಏನೂ ಅಲ್ಲ. (ಆಗ ಯಾರೂ ದಂಡ ಅನ್ನಲಿಲ್ಲ.)

ಎಲ್ಲರಿಗೂ ಅಮ್ಮ ಇನ್ನೆಷ್ಟು ವರ್ಷ ಅನ್ನೋದೇ ಚಿಂತೆ. ಬಚ್ಚಲುಮನೆಯ ಮಂಕು ಬಲ್ಬ್ ಬದಲಾಯಿಸಲು ಒಬ್ಬರೂ ಇಲ್ಲ. ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸೋಣ ಅಂದರೆ, 'ಹೊಸ ಟೈಲ್ಸ್ ಒಡೆಯುತ್ತೆ' ಅಂತಾನೆ ಅಣ್ಣ. ನಾಳೆ ಬೆಳಿಗ್ಗೆ ಡ್ರಿಲ್ ಮಷೀನಿನವರು ಬರುತ್ತಾರೆ. ಒಡೆದರೆ ಒಡೆಯಲಿ.