ನಿಮಗೆ ಎಂಟಿಐ ಜಾಸ್ತಿ ಇದೆ

ಮೈಸೂರಿನ ಹೆಬ್ಬಾಳದಲ್ಲಿರುವ ನಮ್ಮ ಸಾಫ್ಟ್‌ವೇರ್ ಆಫೀಸಿಗೆ ಹೋದ ತಿಂಗಳು ಇಂಗ್ಲಿಷ್ ಟ್ರೈನರ್ ಒಬ್ಬರು ಬಂದರು. ಒಬ್ಬೊಬ್ಬರನ್ನೇ ಕೂರಿಸಿ ಎರಡು ನಿಮಿಷ ಮಾತಾಡಿಸಿದರು. ನನ್ನ ಸರದಿ ಮುಗಿದ ಮೇಲೆ ಕನ್ನಡಕ ತೆಗೆದು, ಶುಗರ್ ರಿಪೋರ್ಟ್ ನೋಡಿದ ಡಾಕ್ಟರ ಹಾಗೆ ಹೇಳಿದರು: "ನಿಮಗೆ ಎಂಟಿಐ ಜಾಸ್ತಿ ಇದೆ."

ಎದೆ ಧಸಕ್ಕೆಂದಿತು. ಅನ್ನ ಬಿಡಬೇಕಾ, ಚಪಾತಿ ತಿನ್ನಬೇಕಾ ಅಂತ ಕೇಳುವುದರಲ್ಲಿದ್ದೆ. ಎಂಟಿಐ ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್ ಅಂತೆ. ಹೆತ್ತವಳ ಭಾಷೆ ಇನ್ನೂ ನಾಲಿಗೆ ಬಿಟ್ಟು ಹೋಗಿಲ್ಲ ಅನ್ನುವ ಕಾಯಿಲೆ.

ನಮ್ಮದು ಮದ್ದೂರು ಕಡೆಯ ಹಳ್ಳಿ. ಅಲ್ಲಿ ಹಾಲು ಆಲು, ಹಾವು ಆವು. ಹಾಗಾಗಿ ನನ್ನ ಬಾಯಲ್ಲಿ ಹೋಸ್ಟ್ ಅನ್ನುವುದು ಓಸ್ಟ್ ಆಗುತ್ತದೆ, ಹ್ಯಾಶ್ ಆಶ್ ಆಗುತ್ತದೆ. ಸಾಲದ್ದಕ್ಕೆ ಬಾಲಕ್ಕೊಂದು ಉಕಾರ: ಬಗ್ಗು, ಕೋಡು, ಟೆಸ್ಟು. ಮದ್ದು ಹೀಗಿತ್ತು. ಬಾಯಿ ಮುಂದೆ ಕಾಗದದ ಚೂರು ಹಿಡಿದು 'ಪೆನ್' ಅನ್ನಬೇಕು. ಕಾಗದ ಅಲ್ಲಾಡಿದರೆ ಇಂಗ್ಲಿಷ್, ಅಲ್ಲಾಡದಿದ್ದರೆ ಮದ್ದೂರು. ಒಂದು ವಾರ ಊದಿದೆ. ಕಾಗದ ಒದ್ದೆಯಾಯಿತು.

ಅವತ್ತಿನಿಂದ, ನಿನ್ನೆ ಏನು ಮಾಡಿದೆ, ಇವತ್ತೇನು ಅಂತ ಒಪ್ಪಿಸುವ ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಬರೀ ಇಂಗ್ಲಿಷ್ ಅಂತ ಆರ್ಡರ್ ಆಯಿತು. ಇರುವವರು ಐದು ಜನ. ನಾನು ಮದ್ದೂರು, ಉಳಿದವರು ಕೆ.ಆರ್. ಪೇಟೆ, ನಂಜನಗೂಡು, ಹುಣಸೂರು. ಮ್ಯಾನೇಜರ್ ಸರಸ್ವತಿಪುರಂ. ಜರ್ಮನಿಯ ಕ್ಲೈಂಟ್ ಬರುವುದು ವಾರಕ್ಕೊಂದು ದಿನ. ಉಳಿದ ನಾಲ್ಕು ದಿನ ಯಾರಿಗೆ ಕೇಳಿಸಲಿ ಅಂತ ಈ ನಾಟಕ? ಸುಮ್ನೆ ಎಲ್ಲರೂ ಒಂದೇ ಮಾತು ಬಾಯಿಪಾಠ ಮಾಡಿಕೊಂಡಿದ್ದೇವೆ: "ಎಸ್ಟರ್ಡೇ ಐ ವರ್ಕ್ಡ್ ಆನ್ ದ ಸೇಮ್, ಟುಡೇ ಆಲ್ಸೋ ಸೇಮ್, ನೋ ಬ್ಲಾಕರ್ಸ್." ಬ್ಲಾಕರ್ ಅಂದರೆ ಕೆಲಸ ಮುಂದಕ್ಕೆ ಹೋಗದ ಹಾಗೆ ತಡೆಯುವ ತೊಂದರೆ. ಅದು ಇದ್ದೇ ಇರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವುದಕ್ಕಿಂತ ರಾತ್ರಿಯೆಲ್ಲ ಕೂತು ತಾನೇ ಸರಿಮಾಡಿಕೊಳ್ಳುವುದು ಸುಲಭ.

ಆಮೇಲೆ ಒಂದು ಗುರುವಾರ, ಮೀಟಿಂಗಿನ ನಡುವೆಯೇ ಸರ್ವರ್ ಬಿತ್ತು, ಜನ ಬಳಸುವ ನಮ್ಮ ಪ್ರೊಡಕ್ಷನ್ ಸಿಸ್ಟಮ್ ನಿಂತುಹೋಯಿತು. "ಲೇ, ಪ್ರೊಡಕ್ಷನ್ ಒಂಟೋಯ್ತು ಕಣ್ಲಾ!" ಅಂತ ಕಿರುಚಿದ್ದು ಯಾರು ಗೊತ್ತಾ? ಮ್ಯಾನೇಜರ್. ಸರಸ್ವತಿಪುರಂ ಮನೆಗೆ ಬರುವ ಮೊದಲು ಅವರೂ ಪಾಂಡವಪುರದವರೇ ಅಂತ ಅವತ್ತೇ ತಿಳಿದದ್ದು.

ಅರ್ಧ ಗಂಟೆ ಅಪ್ಪಟ ಕನ್ನಡದಲ್ಲಿ ಹುಡುಕಿದೆವು. ಮಾಹಿತಿ ಇಟ್ಟಿರುವ ಡೇಟಾಬೇಸಿಗೆ ಹೋಗುವ ದಾರಿ, ಅಂದರೆ ಕನೆಕ್ಷನ್, ಇದ್ದದ್ದು 20. ಎರರ್ ಬಂದಾಗಲೆಲ್ಲ ನಮ್ಮ ಕೋಡು ಕನೆಕ್ಷನ್ ವಾಪಸ್ ಕೊಡದೆ ಎದ್ದು ಹೋಗುತ್ತಿತ್ತು. ಇಪ್ಪತ್ತೂ ಹಾಗೇ ಸಿಕ್ಕಿಕೊಂಡವು, 21ನೆಯದು ಬಾಗಿಲಲ್ಲಿ ಕಾಯುತ್ತಾ ನಿಂತಿತು. ನಮ್ಮ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ನನಗೆ ಇದು ಹೊಸದಲ್ಲ. "ಮೇಲಿನೋನು ತೂಬು ಎತ್ಬುಟ್ಟು ಮುಚ್ಚದೆ ಹೋದ್ರೆ ಕೊನೇ ಗದ್ದೆಗೆ ನೀರು ಎಲ್ಲಿಂದ ಬತ್ತದೆ?" ಅಂದೆ. ನಂಜನಗೂಡಿನವನು ಎರಡು ಸಾಲು ಸೇರಿಸಿದ. ತೂಬು ಮುಚ್ಚಿತು, ಸರ್ವರ್ ಎದ್ದಿತು.

ರಿಪೇರಿಗೆ ಅರ್ಧ ಗಂಟೆ. ಅದರ ರಿಪೋರ್ಟನ್ನು ಇಂಗ್ಲಿಷಿನಲ್ಲಿ ಬರೆಯಲು ಮೂರು ಗಂಟೆ. ಸ್ಪೆಲ್ಲಿಂಗ್ ತಪ್ಪಿದ್ದಕ್ಕೆ ಟ್ರೈನರ್ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಕಳಿಸಿದರು. ಪಾಪ, ಅವರಿಗೆ ಗೊತ್ತಿಲ್ಲ. ನಾವು ಯಾವ ಲಿಂಕ್ ಒತ್ತಿ ಬಂದೆವು ಅಂತ ವೆಬ್‌ಸೈಟಿಗೆ ತಿಳಿಸುವ 'ರೆಫರರ್' ಹೆಡರ್ ಇದೆಯಲ್ಲ, ಅದರಲ್ಲಿ ಒಂದು ಆರ್ ಕಾಣೆ. ಬ್ರೌಸರು, ವೆಬ್‌ಸೈಟು ಮಾತಾಡಿಕೊಳ್ಳುವ ನಿಯಮ ಎಚ್‌ಟಿಟಿಪಿಯ 1996ರ ದಾಖಲೆಯಲ್ಲೇ ಆ ತಪ್ಪು ಅಚ್ಚಾಗಿ ಕೂತಿದೆ, ಇವತ್ತಿಗೂ ಇಡೀ ಇಂಟರ್ನೆಟ್ ಅದನ್ನೇ ಬರೆಯುತ್ತಿದೆ. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಫೈಲ್ ಹುಟ್ಟಿಸುವ 'ಕ್ರಿಯೇಟ್' ಸಿಸ್ಟಮ್ ಕಾಲ್‌ಗೆ ಕೊನೆಯ ಇ ಇಲ್ಲ. ಅವರು ತಪ್ಪು ಬರೆದರೆ ಸ್ಟ್ಯಾಂಡರ್ಡ್, ನಾವು ಬರೆದರೆ ಎಂಟಿಐ. ಇನ್ನು ಕೋಡು ಬರೆಯುವ ಭಾಷೆಗಳು: ಪೈಥಾನ್ ಮಾಡಿದ ಗೀಡೊ ವ್ಯಾನ್ ರಾಸಮ್ ನೆದರ್‌ಲ್ಯಾಂಡ್ಸ್‌ನವರು, ರೂಬಿ ಮಾಡಿದ ಯುಕಿಹಿರೊ ಮತ್ಸುಮೊಟೊ ಜಪಾನಿನವರು. ಅವರ ಬಾಯಿ ಮುಂದೆ ಯಾರು ಕಾಗದ ಹಿಡಿದಿದ್ದರೋ.

ಕ್ಲೈಂಟ್ ಕಾಲ್ ಬಂತು. ರಿಪೋರ್ಟಿನ ಮೊದಲ ಪುಟ ಓದಿ ಮುಗಿಸಿದೆ. "ವಾಟ್ ಹ್ಯಾಪನ್ಡ್?" ಅಂತ ಅವರು ಕೇಳಿದರು. ಅಷ್ಟೂ ಹೊತ್ತು ನಾನು ಓದಿದ್ದೇನು ಹಾಗಾದರೆ? ಬೆವರು ಕಿತ್ತುಕೊಂಡಿತು. ಇದ್ದಬದ್ದ ಇಂಗ್ಲಿಷೆಲ್ಲ ಖಾಲಿ. "ಸರ್, ಇನ್ ಅವರ್ ವಿಲೇಜ್ ದೇರ್ ಈಸ್ ತೂಬು," ಅಂತ ಶುರು ಮಾಡಿಬಿಟ್ಟೆ. ನಾಲೆ, ಗದ್ದೆ, ಕೊನೇ ರೈತ ಎಲ್ಲ ಬಂದರು. ಮ್ಯಾನೇಜರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ, "ಆಹ್! ನೌ ಐ ಅಂಡರ್‌ಸ್ಟ್ಯಾಂಡ್."

ಮುಂದಿನ ವಾರ ಅವರು ಲೈನಿಗೆ ಬಂದವರೇ ಕೇಳಿದ ಮೊದಲ ಪ್ರಶ್ನೆ: "ಈಸ್ ದ ಟೂಬು ಕ್ಲೋಸ್ಡ್?"

ತೂ ಅಲ್ಲ, ಟೂ ಅಂದರು. ನಾನು ಮ್ಯೂಟ್ ಒತ್ತಿ ಮ್ಯಾನೇಜರ್ ಕಿವಿಯಲ್ಲಿ ಹೇಳಿದೆ: "ಸಾರ್, ಇವರಿಗೂ ಎಂಟಿಐ ಸ್ವಲ್ಪ ಜಾಸ್ತಿನೇ ಇದೆ."