ಕಂಬಿ ಏರುವುದು, ಕಂಬಿ ಕೀಳುವುದು

ಬಳ್ಳಾರಿ ನಿಲ್ದಾಣದಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿನಿಂದ ಅಕ್ಕನ ಮಗನಿಗಿಂತ ಮೊದಲು ಎರಡು ಹಲಗೆಗಳು ಇಳಿದವು. ಒಂದೊಂದೂ ಹೆಚ್ಚುಕಡಿಮೆ ನನ್ನ ಎತ್ತರ. ಎರಡೂ ತುದಿಗಳು ಮೇಲಕ್ಕೆ ಬಾಗಿದ್ದವು. ಮೈತುಂಬ ಹಸಿರು ಹಲ್ಲಿಯ ಚಿತ್ರ. ಬೆಂಗಳೂರಿನಿಂದ ಇಲ್ಲಿಯವರೆಗೆ ಕೆಳಗಿನ ಬರ್ತಿನ ಅಡಿಯಲ್ಲಿ ಮಲಗಿ ಬಂದಿದ್ದವಂತೆ. ಎದುರು ಕುಳಿತ ರೈತರೊಬ್ಬರು ಅದು ಹೊಸ ಮಾದರಿಯ ನೊಗ ಎಂದರೆ, ಅವರ ಹೆಂಡತಿ ತೊಟ್ಟಿಲಿನ ಹಲಗೆ ಎಂದು ಪಟ್ಟು ಹಿಡಿದರಂತೆ. ಹುಡುಗ ಇಬ್ಬರಿಗೂ ಹೌದು ಎಂದು ತಲೆಯಾಡಿಸಿ ನಿದ್ದೆ ಹೋದನಂತೆ.

ಅವು ಸ್ಕೀಗಳು, ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಹಲಗೆಗಳು. ತಿಂಗಳು ಮೇ. ಬಿಸಿಲು ನಲವತ್ತನ್ನು ದಾಟಿತ್ತು. ಏಕಾದಶಿಯ ಮನೆಗೆ ಹೋಳಿಗೆ ಹೊತ್ತುಕೊಂಡು ಬಂದ ಹಾಗಾಯಿತು.

ಅಕ್ಕ ಮದುವೆಯಾಗಿ ಹೋದದ್ದು ಕೆನಡಾದ ಕ್ಯಾಲ್ಗರಿಗೆ. 1988ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು. ಆಗ ಸ್ಪರ್ಧೆಗಳು ನಡೆದ ಸ್ಕೀ ಗುಡ್ಡವೊಂದು ಊರಿನ ಅಂಚಿನಲ್ಲೇ ಇದೆ. ನಮ್ಮ ಹುಡುಗರು ಶಾಲೆ ಬಿಟ್ಟ ಮೇಲೆ ಕೋಟೆ ಗುಡ್ಡದ ಬುಡದಲ್ಲಿ ಕ್ರಿಕೆಟ್ ಆಡುವ ಹಾಗೆ ಅಲ್ಲಿಯವರು ಹಿಮದ ಮೇಲೆ ಜಾರುತ್ತಾರೆ. ಆದರೆ ಇವನ ಆಟ ಸುಮ್ಮನೆ ಜಾರುವುದಲ್ಲ. ಇಳಿಜಾರಿನಲ್ಲಿ ಬೇಕೆಂದೇ ಕಬ್ಬಿಣದ ಕಂಬಿಗಳನ್ನು ನೆಟ್ಟಿರುತ್ತಾರೆ. ವೇಗವಾಗಿ ಬಂದು, ಜಿಗಿದು, ಅಡ್ಡಲಾಗಿ ಕಂಬಿಯ ಮೇಲೆ ನಿಂತು, ತುದಿಯವರೆಗೆ ಸರ್ರನೆ ಜಾರಿ ಆಚೆ ಇಳಿಯಬೇಕು. ಹಿಮ್ಮುಖವಾಗಿ ಇಳಿದರೂ ಓಡಲಿ ಎಂದೇ ಸ್ಕೀಯ ಹಿಂಬದಿಯೂ ಬಾಗಿರುತ್ತದೆ. ಪಾದ ನಿಲ್ಲುವ ಜಾಗದಲ್ಲಿ ಅದರ ಉಕ್ಕಿನ ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡುತ್ತಾರೆ, ಚೂಪಾಗಿದ್ದರೆ ಕಂಬಿಗೆ ಕಚ್ಚಿಕೊಳ್ಳುತ್ತದೆ. ದುಡ್ಡು ಕೊಟ್ಟು ಚೂಪಾದದ್ದನ್ನು ತಂದು ಮೊಂಡು ಮಾಡುವ ಆಟ ಎಂದರೆ ನಮ್ಮ ಅವ್ವ ಇವತ್ತಿಗೂ ನಂಬುವುದಿಲ್ಲ. ಇಂಥ ಕಂಬಿ, ಜಿಗಿತಗಳೆಲ್ಲ ಸೇರಿದ ಸ್ಲೋಪ್‌ಸ್ಟೈಲ್ ಸ್ಕೀಯಿಂಗ್ 2014ರಲ್ಲಿ ಸೋಚಿಯಲ್ಲಿ ಒಲಿಂಪಿಕ್ಸಿಗೂ ಸೇರಿಕೊಂಡಿತು.

ಕಂಬಿಗಳ ಪಕ್ಕದಲ್ಲಿ ಕಿತ್ತಳೆ ಬಣ್ಣದ ಫಲಕ ಇರುತ್ತದೆ, ಅದರ ಮೇಲೆ ಎಸ್, ಎಂ, ಎಲ್ ಎಂದು ಬರೆದಿರುತ್ತಾರೆ. ಬಟ್ಟೆ ಅಂಗಡಿಯಲ್ಲಿದ್ದ ಹಾಗೆಯೇ. ಇವನಿಗೆ ಎಸ್ ಸರಿಹೋಯಿತು, ಎಂ ಸ್ವಲ್ಪ ಬಿಗಿಯಾದರೂ ಹಿಡಿಸಿತು. ಎಲ್ ಎದುರು ಬಂದಾಗಲೆಲ್ಲ ಪಕ್ಕಕ್ಕೆ ತಿರುಗಿಸಿಕೊಂಡು ಹೋಗಿದ್ದನಂತೆ, ಇಡೀ ಚಳಿಗಾಲ. ಜೊತೆಯ ಹುಡುಗರು ನಕ್ಕಿದ್ದರು. ಹಿಮ ಕರಗಿದ ಮೇಲೆ ನೆಲದ ಮೇಲಾದರೂ ಅಭ್ಯಾಸ ಮಾಡು ಎಂದು ಯಾರೋ ಹೇಳಿದ್ದರಿಂದ, ಚಿಕ್ಕಮ್ಮನ ಮಗಳ ಮದುವೆಗೆ ಬರುವಾಗ ಸ್ಕೀಗಳನ್ನೂ ಹೊತ್ತು ತಂದಿದ್ದ.

"ಅದಕ್ಕೆ ಕನ್ನಡದಲ್ಲಿ ಕಂಬಿ ಕೀಳುವುದು ಎನ್ನುತ್ತಾರೆ" ಎಂದು ನಾನು ಹೇಳಿಕೊಟ್ಟೆ. "ಜೈಲಿಗೆ ಹೋದರೆ ಕಂಬಿ ಎಣಿಸುವುದು. ಬಳ್ಳಾರಿಯಲ್ಲಿ ಅದಕ್ಕೂ ಅನುಕೂಲವಿದೆ."

"ಕಂಬಿಯನ್ನು ಏರಿ ದಾಟಿದರೆ ಏನೆನ್ನುತ್ತೀರಿ ಮಾವ?"

ಯೋಚಿಸಿದೆ. ಅದಕ್ಕೆ ಮಾತಿಲ್ಲ. ನಮ್ಮಲ್ಲಿ ಯಾರೂ ಏರಿದ ಹಾಗೆ ಕಾಣುವುದಿಲ್ಲ.

ಮೊದಲ ಮೂರು ದಿನ ಅವನನ್ನು ಊರು ನೋಡಲು ಕರೆದುಕೊಂಡು ಹೋದೆ. ಅವನು ನೋಡಿದ್ದು ಮಾತ್ರ ಕಂಬಿಗಳನ್ನೇ. ದುರ್ಗಮ್ಮನ ಗುಡಿಯಲ್ಲಿ ಸರತಿ ಸಾಲಿನ ಕಂಬಿ, ರೈಲು ನಿಲ್ದಾಣದ ಮೇಲ್ಸೇತುವೆಯ ಕಂಬಿ, ನನ್ನ ಕಚೇರಿಯ ಮೆಟ್ಟಿಲಿನ ಕಂಬಿ. ಪ್ರತಿಯೊಂದನ್ನೂ ಕೈಯಿಂದ ಸವರಿ, ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡಿ, "ಇದು ಎಂ" ಎಂದೋ "ಇದು ಎಲ್, ನಡುವೆ ಮುರಿವು ಇದೆ" ಎಂದೋ ಗೊಣಗುತ್ತಿದ್ದ. ಇಪ್ಪತ್ತೆರಡು ವರ್ಷ ನಾನು ಹಿಡಿದು ಹತ್ತಿದ ಕಂಬಿಗೆ ಮುರಿವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ಇರುವ ಜಿಲ್ಲೆಯಲ್ಲಿ ಹುಡುಗನೊಬ್ಬನಿಗೆ ಒಂದು ಕಂಬಿ ಮಾಡಿಸಿಕೊಡಲಾಗದಿದ್ದರೆ ಮಾವನಾಗಿ ಏನು ಪ್ರಯೋಜನ? ಕೌಲ್ ಬಜಾರಿನ ವೆಲ್ಡಿಂಗ್ ಅಂಗಡಿಗೆ ಹೋದೆವು. ಹನ್ನೆರಡು ಅಡಿ ಉದ್ದದ ಪೈಪು, ಎರಡೂವರೆ ಅಡಿ ಎತ್ತರದ ಎರಡು ಜೊತೆ ಕಾಲು, ಬೇರೇನೂ ಬೇಡ ಎಂದೆ.

"ಎಮ್ಮೆ ಕಟ್ಟುವುದಕ್ಕೋ?" ಎಂದರು ಯಜಮಾನರು.

"ಅಲ್ಲ, ಇವನು ಅದರ ಮೇಲೆ ನಿಂತು ಜಾರುತ್ತಾನೆ."

ಅವರು ಹುಡುಗನನ್ನು ನೋಡಿದರು, ಆಮೇಲೆ ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಮುಂಗಡ ಕೇಳಿದರು. ಎರಡು ದಿನ ಬಿಟ್ಟು ಹೋದಾಗ ಕಂಬಿ ಸಿದ್ಧವಾಗಿತ್ತು. ಕೆಂಪು ರೆಡ್ ಆಕ್ಸೈಡ್ ಬಳಿದು, ಹೊರದೇಶದ ಹುಡುಗ ಎಂಬ ಅಕ್ಕರೆಯಿಂದ ಒಂದು ತುದಿಗೆ ಗೇಟಿಗೆ ಕೂರಿಸುವಂಥ ಕಬ್ಬಿಣದ ಕಮಲವನ್ನು ಬೆಸೆದಿದ್ದರು. ಐದು ದಳ, ಐದೂ ಚೂಪು. ಹುಡುಗನ ಮುಖ ಬಿಳಿಚಿಕೊಂಡಿತು. ಗ್ರೈಂಡರಿನಿಂದ ಅದನ್ನು ಕತ್ತರಿಸಿ ತೆಗೆಯುವಾಗ ಯಜಮಾನರಿಗೆ ನಿಜವಾಗಿಯೂ ಬೇಸರವಾಯಿತು. ಆ ಕಮಲ ಈಗ ನಮ್ಮ ಟಿ.ವಿ. ಮೇಲಿದೆ.

ಹಿಮಕ್ಕೆ ಏನು ಮಾಡುವುದು? ಶಾಮಿಯಾನದವರಿಂದ ಹಸಿರು ಹುಲ್ಲಿನ ಪ್ಲಾಸ್ಟಿಕ್ ಹಾಸನ್ನು ಬಾಡಿಗೆಗೆ ತಂದೆವು. ಹಿತ್ತಲಿನ ನೀರಿನ ತೊಟ್ಟಿಯ ಕಟ್ಟೆಯಿಂದ ನೆಲಕ್ಕೆ ಹಲಗೆ ಇಳಿಬಿಟ್ಟು, ಅದರ ಮೇಲೆ ಹಾಸನ್ನು ಬಿಗಿದು, ಕೊನೆಯಲ್ಲಿ ಜಿಗಿಯಲು ಒಂದು ಗೇಣಿಗಿಂತ ಸ್ವಲ್ಪ ಎತ್ತರದ ಒಡ್ಡು ಕಟ್ಟಿದೆವು. ಸೋಪಿನ ನೀರು ಹಾಕಿದರೆ ಹಾಸಿನ ಮೇಲೆ ಸ್ಕೀ ಜಾರುತ್ತದೆ. ಬೇಸಿಗೆಯ ಬಳ್ಳಾರಿಯಲ್ಲಿ ಒಂದು ಕೊಡ ನೀರನ್ನು ಸುಮ್ಮನೆ ನೆಲಕ್ಕೆ ಸುರಿದವನನ್ನು ನೆರೆಹೊರೆಯವರು ಏಳು ಜನ್ಮಕ್ಕೂ ಕ್ಷಮಿಸುವುದಿಲ್ಲ. ಆದ್ದರಿಂದ ಅವ್ವ ಬಟ್ಟೆ ಒಗೆದ ನೀರೇ ನಮ್ಮ ಹಿಮವಾಯಿತು. ಬಿದ್ದರೆ ಇರಲಿ ಎಂದು ಸಿರುಗುಪ್ಪದ ಕಡೆಯಿಂದ ಭತ್ತದ ಹೊಟ್ಟು ತರಿಸಿ, ಗೋಣಿಚೀಲಕ್ಕೆ ತುಂಬಿ ಎರಡೂ ಕಡೆ ಇಟ್ಟೆವು. ಬಿಸಿಲೇರಿದ ಮೇಲೆ ಕಂಬಿ ದೋಸೆ ಹಂಚಿನಂತೆ ಕಾಯುತ್ತಿದ್ದುದರಿಂದ ಬೆಳಗಿನ ಆರು ಗಂಟೆಯೇ ಮುಹೂರ್ತ.

ಮೊದಲ ಬೆಳಿಗ್ಗೆ ಹುಡುಗ ಕಟ್ಟೆ ಏರಿ ನಿಂತ. ಹೆಲ್ಮೆಟ್ ಹಾಕಿದ. ಮೊಣಕಾಲು ಬಗ್ಗಿಸಿದ. ಜಾರಿ ಬಂದ. ಒಡ್ಡಿನ ಹತ್ತಿರ ಬಂದವನು ಪಕ್ಕಕ್ಕೆ ಹೊರಳಿ ಹೊಟ್ಟಿನ ಚೀಲದ ಮೇಲೆ ಒರಗಿದ. ಹನ್ನೊಂದು ಸಲ ಹೀಗೆಯೇ ಆಯಿತು. ಕಾಂಪೌಂಡಿನ ಮೇಲೆ ಕುಳಿತಿದ್ದ ಓಣಿಯ ಮಕ್ಕಳು ಆರನೆಯ ಸಲಕ್ಕೆ ಎದ್ದುಹೋದರು.

ಅವನನ್ನು ಕೂರಿಸಿ ಕೇಳಿದೆ. ಹೇಗೆ ಮಾಡಬೇಕೆಂದು ಅವನಿಗೆ ಪೂರ್ತಿ ಗೊತ್ತು: ಕಂಬಿಯ ಗೆರೆಗೆ ನೇರವಾಗಿ ಬರಬೇಕು, ವೇಗ ತಗ್ಗಿಸಬಾರದು, ಕಣ್ಣು ಪಾದದ ಕಡೆಗಲ್ಲ, ಕಂಬಿಯ ಕೊನೆಯ ಕಡೆಗಿರಬೇಕು, ಸ್ಕೀ ಚಪ್ಪಟೆಯಾಗಿ ಕೂರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಹಿಂದಕ್ಕೆ ವಾಲಬಾರದು. ಚಿಕ್ಕ ಕಂಬಿಗೂ ದೊಡ್ಡ ಕಂಬಿಗೂ ಇದೇ ಪಾಠ. "ಗೊತ್ತಿರುವುದೇ ಕಷ್ಟ ಮಾವ. ಹೆದರಿದರೆ ಮೈ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ವಾಲಿದರೆ ಕಾಲು ಮುಂದೆ ಹೋಗುತ್ತದೆ, ನಾನು ಹಿಂದೆ ಉಳಿಯುತ್ತೇನೆ."

ಈ ಹಂತದಲ್ಲಿ ನಾನು ಸುಮ್ಮನಿರಬಹುದಿತ್ತು. ನಲವತ್ತೇಳು ವರ್ಷ, ಎಂಬತ್ತೆರಡು ಕಿಲೋ, ವರ್ಗಾವಣೆಯ ಭಯದಿಂದ ಬಡ್ತಿಯೇ ಬೇಡ ಎಂದು ಎರಡು ಸಲ ಬರೆದುಕೊಟ್ಟವನು ನಾನು. ಹಿಂದಕ್ಕೆ ವಾಲುವುದರಲ್ಲಿ ನನಗಿರುವ ಅನುಭವ ಆ ಹುಡುಗನಿಗೆಲ್ಲಿ ಬರಬೇಕು? ಆದರೂ ಬಾಯಿಂದ ಮಾತು ಬಂದುಬಿಟ್ಟಿತು: "ಇದರಲ್ಲಿ ಹೆದರುವುದೇನಿದೆ? ಕೊಡು ಇಲ್ಲಿ."

ಸ್ಕೀಯ ಬೂಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಪಾದರಕ್ಷೆಯಲ್ಲ, ಪಾದಕ್ಕೆ ಹಾಕುವ ಪ್ಲಾಸ್ಟರು. ಕಣಕಾಲು ಮುಂದಕ್ಕೆ ಬಾಗಿಯೇ ಇರಬೇಕು, ನೆಟ್ಟಗೆ ನಿಲ್ಲಲು ಬಿಡುವುದಿಲ್ಲ. ನಾಲ್ಕು ಕೊಂಡಿಗಳನ್ನು ಹಾಕಲು ಅಳಿಯ ನನ್ನ ಕಾಲ ಮೇಲೆ ಮೊಣಕಾಲೂರಬೇಕಾಯಿತು. ಕಾಲು ಒಳಗೆ ಎಣ್ಣೆಗಾಯಿ ಬದನೆಯಂತೆ ಬೇಯತೊಡಗಿತು. ಕಟ್ಟೆಯ ಮೇಲೆ ನನ್ನನ್ನು ಇಬ್ಬರು ಹಿಡಿದು ನಿಲ್ಲಿಸಿದರು. ಮೇಲಿನಿಂದ ನೋಡಿದಾಗ ಎರಡೂವರೆ ಅಡಿಯ ಕಂಬಿ ಕೋಟೆಯ ಗೋಡೆಯಾಗಿ ಕಂಡಿತು. "ಬಿಡಬೇಡಿ" ಎಂದೆ. ಅವರಿಗೆ "ಬಿಡಿ" ಎಂದು ಮಾತ್ರ ಕೇಳಿಸಿತು.

ಮುಂದಿನದು ಎರಡು ಸೆಕೆಂಡಿನಲ್ಲಿ ಮುಗಿಯಿತು. ನಾನು ಹಿಂದಕ್ಕೆ ವಾಲಿದೆ. ಸ್ಕೀಗಳ ಮೂತಿ ಮೇಲಕ್ಕೆ ಎದ್ದಿತು. ಒಡ್ಡಿನ ಮೇಲೆ ಕುಳಿತೇಬಿಟ್ಟೆ. ಕುಳಿತ ಭಂಗಿಯಲ್ಲೇ ಕಂಬಿಯ ಕೆಳಗಿನಿಂದ ಆರಾಮವಾಗಿ ಹಾದುಹೋಗಿ, ಅವ್ವನ ತುಳಸಿಕಟ್ಟೆಯ ಮುಂದೆ ಅಂಗಾತ ನಿಂತೆ, ನಿಂತೆ ಎನ್ನಬಹುದಾದರೆ. ಬಳ್ಳಾರಿಯಲ್ಲೇ ಹೊಲಿದ ಜೀನ್ಸ್‌ಗೆ ಒಂದು ಗೀರೂ ಬಿದ್ದಿರಲಿಲ್ಲ. ಪೆಟ್ಟೆಲ್ಲ ಅದರ ಒಳಗಿನವನಿಗೆ.

"ಎಲ್ಲಿಂದ ಬಿದ್ದಿರಿ?" ಎಂದು ಕೇಳಿದರು ವೈದ್ಯರು.

"ಸ್ಕೀ ಮಾಡುವಾಗ."

"ಎಲ್ಲಿಗೆ ಹೋಗಿದ್ದಿರಿ? ಕಾಶ್ಮೀರಕ್ಕೋ?"

"ಇಲ್ಲ, ಹಿತ್ತಲಿಗೆ."

ಅವರು ತಲೆಯೆತ್ತದೆ ಚೀಟಿಯಲ್ಲಿ 'ಸ್ಕೂಟರಿನಿಂದ ಬಿದ್ದದ್ದು' ಎಂದು ಬರೆದರು. ಮೂಳೆಗೇನೂ ಆಗಿರಲಿಲ್ಲ. ಕಚೇರಿಗೆ ರಜೆ ಅರ್ಜಿ ಬರೆಯುವಾಗ ನಾನೂ ಸ್ಕೂಟರನ್ನೇ ಉಳಿಸಿಕೊಂಡೆ. ಎಂಟು ದಿನ ನಿಧಾನವಾಗಿ ಓಡಿಸಿ ಎಂದು ಬುದ್ಧಿ ಹೇಳದವರು ಯಾರೂ ಇಲ್ಲ.

ಬೋರಲು ಮಲಗಿದ್ದಾಗ ಅಳಿಯ ಹೊತ್ತು ಕಳೆಯಲೆಂದು ಮೊಬೈಲಿನಲ್ಲಿ 2022ರ ಬೀಜಿಂಗ್ ಒಲಿಂಪಿಕ್ಸಿನ ದೃಶ್ಯ ತೋರಿಸಿದ. ಚೀನಾದ ಹದಿನೆಂಟು ವರ್ಷದ ಐಲೀನ್ ಗು, ಸ್ಕೀ ಹಾಕಿಕೊಂಡು ಒಂದೇ ದೊಡ್ಡ ಜಿಗಿತ ಹಾರುವ ಬಿಗ್ ಏರ್ ಸ್ಪರ್ಧೆಯ ಕೊನೆಯ ಸರದಿಗೆ ಮೊದಲು ತಾಯಿಗೆ ಫೋನ್ ಮಾಡಿದಳಂತೆ. ಸುರಕ್ಷಿತವಾದದ್ದನ್ನು ಮಾಡಿ ಬೆಳ್ಳಿ ತೆಗೆದುಕೋ ಎಂದು ತಾಯಿ ಹೇಳಿದರೆ, ಮಗಳು ಅಲ್ಲಿಯವರೆಗೆ ತಾನು ಮಾಡಿಯೇ ಇಲ್ಲದ ನಾಲ್ಕೂವರೆ ಸುತ್ತು ತಿರುಗಿ ಚಿನ್ನ ಗೆದ್ದಳು. ಅವ್ವ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದಳು.

"ತಾಯಿ ಹೇಳಿದ್ದೇ ಸರಿ" ಎಂದಳು. "ಬೆಳ್ಳಿಗೇನು ಕಡಿಮೆಯಾಗಿದೆ? ಈಗ ಅದರ ದರ ಎಷ್ಟು ಗೊತ್ತೇ?"

ನನ್ನನ್ನು ನೋಡಲು ಬಂದ ವೆಲ್ಡಿಂಗ್ ಯಜಮಾನರು ಮಾತ್ರ ಕೆಲಸದ ಮಾತಾಡಿದರು. "ನೆಲದಿಂದ ಒಂದೇ ಸಲಕ್ಕೆ ಎರಡೂವರೆ ಅಡಿಗೆ ಏಕೆ ಹೋಗುತ್ತೀರಿ? ಕಾಲುಗಳನ್ನು ಕತ್ತರಿಸಿ, ಒಂದರೊಳಗೆ ಒಂದು ಹೋಗುವ ಹಾಗೆ ಮಾಡಿ, ಎರಡೆರಡು ಇಂಚಿಗೆ ತೂತು ಕೊರೆದು ಕೊಡುತ್ತೇನೆ. ಒಂದಡಿಯಿಂದ ಶುರುಮಾಡಿ. ಧೈರ್ಯ ಬಂದ ಹಾಗೆ ಬೋಲ್ಟು ಏರಿಸಿ." ಎತ್ತರದ ವಿಷಯದಲ್ಲಿ ಬಳ್ಳಾರಿಯವರು ಎಚ್ಚರಿಕೆಯಿಂದ ಇರುವುದಕ್ಕೆ ಕಾರಣವಿದೆ. ಹೈದರಾಲಿಗೆ ಇಲ್ಲಿನ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರನನ್ನು, ಎದುರಿನ ಕುಂಬಾರ ಗುಡ್ಡವೇ ಕೋಟೆಗಿಂತ ಎತ್ತರ ಎಂದು ಆಮೇಲೆ ಗೊತ್ತಾದ್ದರಿಂದ ಗಲ್ಲಿಗೇರಿಸಿದರು ಎಂಬುದು ನಮ್ಮ ಊರಿನ ಐತಿಹ್ಯ.

ಒಂದಡಿಯ ಕಂಬಿ ಅಳಿಯನಿಗೆ ನೀರು ಕುಡಿದಷ್ಟು ಸುಲಭವಾಯಿತು. ಜಿಗಿದ, ಜಾರಿದ, ಇಳಿದ. ಕಬ್ಬಿಣದ ಮೇಲೆ ಸ್ಕೀ ಎಳೆಯುವ 'ಝ್ರೀಂ' ಎಂಬ ಸದ್ದು ನಮ್ಮ ಓಣಿಗೆ ಬೆಳಗಿನ ಸುಪ್ರಭಾತವಾಯಿತು. ಆದರೆ ಬೋಲ್ಟಿನ ತಂಟೆಗೆ ಹೋಗಲಿಲ್ಲ. ನಾಳೆ ಏರಿಸೋಣ ಮಾವ ಎನ್ನುವುದು, ಮಾರನೆಯ ದಿನ ಮತ್ತೆ ನಾಳೆ. ಒಂಬತ್ತು ತೂತುಗಳು ಸುಮ್ಮನೆ ಬಾಯಿ ತೆರೆದುಕೊಂಡಿದ್ದವು.

ಅವುಗಳನ್ನು ಕೆಲಸಕ್ಕೆ ಹಚ್ಚಿದವಳು ಅವ್ವ. ಹಿತ್ತಲಿನಲ್ಲಿ ಹಗಲೆಲ್ಲ ಖಾಲಿ ನಿಂತ ಹನ್ನೆರಡು ಅಡಿಯ ಕಂಬಿಯನ್ನು ಅವಳು ಎಷ್ಟು ದಿನ ನೋಡಿಯಾಳು? ಆರು ಗಜದ ಇಳಕಲ್ ಸೀರೆಯನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿದರೆ ಒಂಬತ್ತು ಅಡಿ, ಇನ್ನೂ ಎರಡು ರವಿಕೆಗೆ ಜಾಗ ಉಳಿಯುತ್ತದೆ. ಒಂದೇ ತೊಂದರೆ, ಸೀರೆಯ ಅಂಚು ಮಣ್ಣಿಗೆ ತಾಗುತ್ತಿತ್ತು. "ಇದನ್ನು ಸ್ವಲ್ಪ ಏರಿಸಿಕೊಡು" ಎಂದಳು. ಸೊಂಟ ಹಿಡಿದುಕೊಂಡು ಬಂದು ಸ್ಪ್ಯಾನರಿನಿಂದ ಬೋಲ್ಟು ಬಿಚ್ಚಿ ಒಂದು ತೂತು ಏರಿಸಿದೆ. ಮಾರನೆಯ ಸಂಜೆಯೂ ತಾಗಿತು. ಮತ್ತೊಂದು ತೂತು. ಸೀರೆಯ ಲೆಕ್ಕಕ್ಕೆ ಎರಡಡಿ ಸಾಕಾಗಿತ್ತು, ಅಷ್ಟರಲ್ಲಿ ಮದುವೆಯ ನೆಂಟರು ಬಂದಿಳಿದು ಅವರ ಹೊದಿಕೆ, ಜಮಖಾನೆಗಳ ಸರದಿ ಬಂತು. ಮತ್ತೊಂದು, ಇನ್ನೊಂದು.

ಬೆಳಿಗ್ಗೆ ಆರಕ್ಕೆ ಅಳಿಯ ಎದ್ದು ಬಂದು, ಒಣಗಿದ್ದನ್ನು ಅಜ್ಜಿಗೆ ಮಡಿಸಿಕೊಟ್ಟು, ಸ್ಕೀ ಹಾಕಿಕೊಂಡು ಜಾರುತ್ತಿದ್ದ. ನಾನು ಏನೂ ಹೇಳಲಿಲ್ಲ. ನಾಲ್ಕನೆಯ ತೂತಿನಲ್ಲಿ ಒಮ್ಮೆ ಬಿದ್ದ. ಏಳನೆಯದರಲ್ಲಿ ಎರಡು ಸಲ ಬಿದ್ದು, ಮೈಗೆ ಅಂಟಿದ ಹೊಟ್ಟನ್ನು ಕೊಡವಿಕೊಂಡು ಮತ್ತೆ ಕಟ್ಟೆ ಏರಿದ. ಮದುವೆಯ ಹಿಂದಿನ ದಿನ ಕೊನೆಯ ತೂತಿನಲ್ಲಿತ್ತು ಕಂಬಿ, ನನ್ನನ್ನು ತನ್ನ ಕೆಳಗೆ ನುಗ್ಗಿಸಿದ ಅದೇ ಎರಡೂವರೆ ಅಡಿ. ಅವನು ಬಂದ, ಮೊಣಕಾಲು ಮಡಿಸಿದ, ಕಣ್ಣು ತುದಿಯಲ್ಲಿರುವ ನಿಂಬೆ ಗಿಡದ ಮೇಲಿತ್ತು. ಝ್ರೀಂ. ಆಚೆ ಇಳಿದು ನಿಂತ.

"ಗೊತ್ತಾಯಿತೇ, ಎಷ್ಟು ಎತ್ತರ?" ಎಂದು ಗೆಲುವಿನಿಂದ ಕೇಳಿದೆ.

"ಮೂರನೆಯ ದಿನವೇ ಗೊತ್ತಾಗಿತ್ತು ಮಾವ."

"ಮತ್ತೆ ಹೇಳಲಿಲ್ಲವಲ್ಲ?"

"ಹೇಳಿದ್ದರೆ ನೀವು ಇಳಿಸಿಬಿಡುತ್ತಿದ್ದಿರಿ."

ಜನವರಿಯಲ್ಲಿ ಕ್ಯಾಲ್ಗರಿಯಿಂದ ಹನ್ನೊಂದು ಸೆಕೆಂಡಿನ ವಿಡಿಯೊ ಬಂತು. ಎಲ್ಲೆಲ್ಲೂ ಹಿಮ, ಕಿತ್ತಳೆ ಫಲಕದಲ್ಲಿ ಎಲ್ ಅಕ್ಷರ, ಅದರ ಪಕ್ಕದಲ್ಲಿ ನಮ್ಮದಕ್ಕಿಂತ ಮೂರು ಪಟ್ಟು ಉದ್ದದ ಕಂಬಿ. ಹಲ್ಲಿಯ ಚಿತ್ರದ ಸ್ಕೀಗಳು ಅದರ ಮೇಲೆ ಒಂದು ಕ್ಷಣ ತಡವರಿಸಿದವು, ಅವನ ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿತು, ಆಮೇಲೆ ಕೊನೆಯವರೆಗೂ ಜಾರಿ ಆಚೆ ಇಳಿದ. ನಾನು ಓಡಿಹೋಗಿ ಹಿತ್ತಲಿನಲ್ಲಿ ಜಮಖಾನೆ ಹರವುತ್ತಿದ್ದ ಅವ್ವನಿಗೆ ತೋರಿಸಿದೆ. ಅವಳು ಕೈ ಒರೆಸಿಕೊಂಡು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು, ಪೂರ್ತಿ ನೋಡಿದಳು.

"ಅಷ್ಟು ಉದ್ದದ ಕಂಬಿ ಇಟ್ಟುಕೊಂಡು" ಎಂದಳು, "ಒಂದು ಬಟ್ಟೆಯನ್ನೂ ಹಾಕಿಲ್ಲವಲ್ಲೋ."